ಕಟ್ಟಿದವರು, ಹಾಡಿದವರು, ಬರೆದಿಟ್ಟವರು: ಮಲಪ್ರಭೆಯ ದಂಡೆಯ ಲಾವಣಿಗಳ ಕರ್ತೃತ್ವವನ್ನು ಕುರಿತು

ಹಳಗನ್ನಡವನ್ನು ಅಭ್ಯಾಸ ಮಾಡುವವರಿಗೆ ಕವಿ, ಕಾಲ, ದೇಶ ಎಂಬ ಮೂರು ಪ್ರಶ್ನೆಗಳು ಮೊದಲ ಪಾಠದಿಂದಲೇ ಪರಿಚಿತವಾಗಿರುತ್ತವೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಹೊರಬಂದ ಮೇಲೆ ನಮ್ಮ ಸಾಹಿತ್ಯ ಚರಿತ್ರೆಯ ಬಹುಭಾಗ ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನವೇ ಆಗಿದೆ. ಜೈನ ಕವಿಗಳು ಈ ಕೆಲಸವನ್ನು ಬಹಳ ಮಟ್ಟಿಗೆ ಹಗುರ ಮಾಡಿಕೊಟ್ಟಿದ್ದಾರೆ. ಪಂಪನು ತನ್ನ ಆದಿಪುರಾಣ ಮುಗಿದ ವರ್ಷವನ್ನು, ಅಂದರೆ ಕ್ರಿ. ಶ. 941ನ್ನು, ತಾನೇ ಹೇಳಿಟ್ಟ. ಮುದುವೊಳಲಿನ ಬಳೆಗಾರ ಕುಲದ ರನ್ನನು ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ, ಹೆಂಡಂದಿರು ಜಕ್ಕಿ ಮತ್ತು ಶಾಂತಿ, ಮಕ್ಕಳು ರಾಯ ಮತ್ತು ಅತ್ತಿಮಬ್ಬೆ ಎಂದು ಮನೆಯವರನ್ನೆಲ್ಲ ಹೆಸರಿಸಿದ. ಇವರಿಗಿಂತ ಮೂರು ಶತಮಾನ ಹಿಂದೆ, ಕ್ರಿ. ಶ. 634ರಲ್ಲಿ, ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿಯು ತನ್ನ ಹೆಸರನ್ನಷ್ಟೇ ಅಲ್ಲದೆ, ಕಾಳಿದಾಸ ಭಾರವಿಯರ ಕೀರ್ತಿಗೆ ತನ್ನ ಕೀರ್ತಿ ಸಮವೆಂಬ ಮಾತನ್ನೂ ಕಲ್ಲಿನಲ್ಲಿ ನಿಲ್ಲಿಸಿದ.

ಐಹೊಳೆ ಇರುವುದು ಮಲಪ್ರಭೆಯ ದಂಡೆಯಲ್ಲಿ. ಅದೇ ಹೊಳೆಯ ಗುಂಟ ಮೇಲಕ್ಕೆ ಬಂದರೆ ಪಟ್ಟದಕಲ್ಲು, ರಾಮದುರ್ಗ, ಕೊನೆಗೆ ಸವದತ್ತಿ ಸೀಮೆಯ ಮುನವಳ್ಳಿ. ಈ ಭಾಗದ ಹತ್ತೊಂಬತ್ತನೆಯ ಶತಮಾನವನ್ನು ಅರಿಯಬೇಕಾದವರು ಕಲ್ಲನ್ನು ಬಿಟ್ಟು ಕೊರಳನ್ನು ಆಶ್ರಯಿಸಬೇಕಾಗುತ್ತದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಬಿದ್ದುದು, ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ 1829ರಲ್ಲಿ ತೀರಿಕೊಂಡುದು, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದುದು, ಇವೆಲ್ಲ ಇಂಗ್ಲಿಷರ ಕಾಗದಗಳಲ್ಲಿ ಒಂದು ಬಗೆಯಾಗಿ, ಲಾವಣಿಕಾರರ ಹಾಡುಗಳಲ್ಲಿ ಇನ್ನೊಂದು ಬಗೆಯಾಗಿ ಉಳಿದಿವೆ. ಕಾಗದಗಳಿಗೆ ಸಹಿ ಇದೆ. ಹಾಡುಗಳನ್ನು ನಾವು ‘ಅಜ್ಞಾತ ಕರ್ತೃಕ’ ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತೇವೆ. ಆ ಪದ ಎಷ್ಟು ನ್ಯಾಯವಾದದ್ದು ಎಂಬುದೇ ಈ ಬರಹದ ವಿಚಾರ.

ಈ ಸೀಮೆಯ ಲಾವಣಿಗಳನ್ನು ಅಚ್ಚಿಗೆ ತಂದವರಲ್ಲಿ ಮೊದಲಿಗನಾಗಿ ನೆನೆಯಬೇಕಾದವನು ಜಾನ್ ಫೇತ್‌ಫುಲ್ ಫ್ಲೀಟ್ (1847–1917). ಶಾಸನಗಳ ವಿದ್ಯಾರ್ಥಿಗಳಿಗೆ ಅವನು ಸವದತ್ತಿಯ ರಟ್ಟರ ಶಾಸನಗಳ ಸಂಪಾದಕನಾಗಿ, ‘ಕನ್ನಡ ಜಿಲ್ಲೆಗಳ ರಾಜವಂಶಗಳು’ ಎಂಬ ಗ್ರಂಥದ ಕರ್ತೃವಾಗಿ ಪರಿಚಿತ. ಅದೇ ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಮೂಲಪಾಠ ಮತ್ತು ಇಂಗ್ಲಿಷ್ ಅನುವಾದಗಳೊಡನೆ ಪ್ರಕಟಿಸತೊಡಗಿದ. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆ, ಆದಾಯ ತೆರಿಗೆಯ ಹೇರಿಕೆ, ಸಂಗ್ಯಾನ ಅಪರಾಧ ಮತ್ತು ಸಾವು ಇವು ಅವುಗಳ ವಸ್ತು. ಅದೇ ವರ್ಷಗಳಲ್ಲಿ, 1882ರಿಂದ 1898ರವರೆಗೆ, ಅಮೆರಿಕದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಇಂಗ್ಲಿಷ್ ಮತ್ತು ಸ್ಕಾಟಿಷ್ ಬ್ಯಾಲಡ್ಡುಗಳ ಮಹಾಸಂಕಲನವನ್ನು ಹೊರತರುತ್ತಿದ್ದ. ಅದರಲ್ಲಿ 305 ಹಾಡುಗಳು ತಮ್ಮ ಪಾಠಾಂತರಗಳೊಡನೆ ಸೇರಿವೆ. ಬೈಲಹೊಂಗಲದ ಒಂದು ಕೊಲೆಯ ಕತೆಯನ್ನು ಹೇಳುವ ಹಾಡೂ ವಿದ್ವತ್ಪತ್ರಿಕೆಯ ಪುಟಕ್ಕೆ ತಕ್ಕದ್ದೆಂದು ಎಣಿಸಿದ ಕಾಲ ಅದು.

ಸಂಗ್ಯಾನ ಹಾಡನ್ನೇ ಒಂದು ಉದಾಹರಣೆಯಾಗಿ ನೋಡಬಹುದು. ಬೈಲಹೊಂಗಲದ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಗಂಗಿ, ಅವಳ ಗಂಡ, ಇವರ ಕತೆ ಲಾವಣಿಯಾಗಿಯೂ ಹರಿದಿದೆ, ಸಣ್ಣಾಟವಾಗಿಯೂ ನಿಂತಿದೆ. ಸಣ್ಣಾಟದ ಕರ್ತೃ ಯಾರೆಂದು ಕೇಳಿದರೆ ಬೈಲವಾಡದ ಪತ್ತಾರ ಮಾಸ್ತರರ ಹೆಸರನ್ನು ಪರಂಪರೆ ಹೇಳುತ್ತದೆ. ಚಂದ್ರಶೇಖರ ಕಂಬಾರರು ಆ ಆಟವನ್ನು ಸಂಪಾದಿಸಿ ಕನ್ನಡದ ಎಲ್ಲ ಓದುಗರಿಗೆ ತಲುಪಿಸಿದರು. ಲಾವಣಿಯನ್ನು ಕಟ್ಟಿದವರ ಹೆಸರು ಹಾಗೆ ಉಳಿಯಲಿಲ್ಲ. ಒಂದೇ ಊರು, ಒಂದೇ ಕತೆ. ಒಂದಕ್ಕೆ ಹೆಸರಿದೆ, ಇನ್ನೊಂದಕ್ಕಿಲ್ಲ. ಇದಕ್ಕೆ ಕಾರಣ ಕಲೆಯ ಏರ್ಪಾಟಿನಲ್ಲಿಯೇ ಇದೆ. ಆಟವನ್ನು ಕಲಿಸಲು ಮಾಸ್ತರ ಬೇಕು. ತಿಂಗಳುಗಟ್ಟಲೆ ತಾಲೀಮು ನಡೆಯಬೇಕು. ಮಾತು, ಹಾಡು, ಪ್ರವೇಶಗಳು ಅವನ ವಹಿಯಲ್ಲಿರಬೇಕು. ಕಲಿತ ಪ್ರತಿಯೊಬ್ಬನ ಬಾಯಲ್ಲಿಯೂ ಮಾಸ್ತರನ ಹೆಸರು ಉಳಿಯುತ್ತದೆ. ಲಾವಣಿಯನ್ನು ಒಬ್ಬನು ದಪ್ಪು ಹಿಡಿದು, ಇನ್ನಿಬ್ಬರು ತುಂತುಣಿ ತಾಳಗಳೊಡನೆ ಹಿಂದೆ ನಿಂತು ಹಾಡುತ್ತಾರೆ. ಕೇಳಿದವನು ನೆನಪಿದ್ದಷ್ಟನ್ನು ಹೊತ್ತುಕೊಂಡು ಹೋಗುತ್ತಾನೆ. ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕೇಳಿದ ಹಾಡು ಮರುತಿಂಗಳು ಇನ್ನೊಂದು ಊರಿನ ಕಟ್ಟೆಯ ಮೇಲೆ ಕೇಳಿಬರುತ್ತದೆ.

ಹಾಗಾದರೆ ಲಾವಣಿಯು ತನ್ನ ಕವಿಯನ್ನು ಕುರಿತು ಏನನ್ನೂ ಹೇಳುವುದಿಲ್ಲವೆ? ಹೇಳುತ್ತದೆ, ಆದರೆ ತನ್ನದೇ ರೀತಿಯಲ್ಲಿ. ಕೊನೆಯ ನುಡಿಯಲ್ಲಿ ಊರಿನ ಹೆಸರು, ಆ ಊರಿನ ದೇವರ ಹೆಸರು, ಹಲವೆಡೆ ಗುರುವಿನ ಅಥವಾ ಮೇಳದ ಹಿರಿಯನ ಹೆಸರು, ಕೆಲವೊಮ್ಮೆ ಎದುರುಪಕ್ಷದ ಮೇಳಕ್ಕೆ ಒಂದು ಸವಾಲು ಇರುತ್ತದೆ. ಹಲಗಲಿಯ ಲಾವಣಿಯಲ್ಲಿ ಬರುವ ಅಂಕಿತ ಕುರ್ತಕೋಟಿಯ ಕಲ್ಮೇಶನದು. ಹಲಗಲಿ ಮುಧೋಳ ತಾಲೂಕಿನ ಊರು, ರನ್ನನ ಮುದುವೊಳಲಿನ ನೆರೆಯದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕುಂಪಣಿಯ ಆಜ್ಞೆಯನ್ನು ಅಲ್ಲಿಯ ಬೇಡರು ಧಿಕ್ಕರಿಸಿದರು; ನವೆಂಬರ್ ಕೊನೆಯಲ್ಲಿ ದಂಡು ಊರನ್ನು ಸುಟ್ಟಿತು; ಡಿಸೆಂಬರಿನಲ್ಲಿ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಅಂಕಿತದ ಕುರ್ತಕೋಟಿಯಾದರೋ ದೂರದ ಗದಗ ತಾಲೂಕಿನಲ್ಲಿದೆ. ಸುಟ್ಟ ಊರಿನ ಸುದ್ದಿ ನಡುವಿನ ಊರುಗಳನ್ನೆಲ್ಲ ದಾಟಿ ಬಂದು, ಕುರ್ತಕೋಟಿಯ ದೇವರಿಗೆ ನಡೆದುಕೊಳ್ಳುವ ಮೇಳವೊಂದರ ಬಾಯಲ್ಲಿ ಲಾವಣಿಯ ರೂಪ ತಾಳಿತೆಂದು ಆ ಅಂಕಿತದಿಂದ ಊಹಿಸಬಹುದು. ಅಂಕಿತವು ನಮಗೆ ಮನುಷ್ಯನನ್ನು ಕೊಡುವುದಿಲ್ಲ, ವಿಳಾಸವನ್ನು ಕೊಡುತ್ತದೆ. ಸಂಶೋಧಕನಿಗೆ ಅದು ಸಣ್ಣ ಲಾಭವಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ವಚನಗಳನ್ನು ಓದಿ ಬಂದವರಿಗೆ ಅಂಕಿತವೆಂದರೆ ಕರ್ತೃವಿನ ಮುದ್ರೆ ಎಂಬ ಅಭ್ಯಾಸ ಬಲವಾಗಿರುತ್ತದೆ. ಇದೇ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಸ್ಥಳದ ದೇವರು ಬಸವಣ್ಣನವರ ಅಂಕಿತ. ಆ ಹೆಸರು ಕಂಡ ವಚನವನ್ನು ಸಂಪಾದಕರು ನಿಸ್ಸಂಶಯವಾಗಿ ಅವರ ಲೆಕ್ಕಕ್ಕೆ ಸೇರಿಸುತ್ತಾರೆ. ಅಂಕಿತ ಅಷ್ಟು ಸ್ಪಷ್ಟವಾಗಿರುವ ವಚನಲೋಕದಲ್ಲಿಯೂ ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇ ಇಬ್ಬರೇ ಎಂಬ ಚರ್ಚೆ ನಡೆಯಿತು. ಲಾವಣಿಯ ಅಂಕಿತ ಇನ್ನೂ ಸಡಿಲವಾದುದು. ಅದು ಒಬ್ಬ ವ್ಯಕ್ತಿಗಿಂತ ಹೆಚ್ಚಾಗಿ ಒಂದು ಮೇಳಕ್ಕೆ ಸೇರಿದ್ದು. ಮೇಳದಲ್ಲಿ ತಂದೆಯಾದ ಮೇಲೆ ಮಗ, ಗುರುವಾದ ಮೇಲೆ ಶಿಷ್ಯ ಅದೇ ದೇವರನ್ನು ಹಾಡುತ್ತಾರೆ. ಇನ್ನೊಂದು ಊರಿನ ಮೇಳವು ಹಾಡನ್ನು ಕಲಿತಾಗ ಒಡಲನ್ನು ಹಾಗೆಯೇ ಇರಿಸಿಕೊಂಡು, ಕೊನೆಯ ನುಡಿಯಲ್ಲಿ ತನ್ನ ಊರನ್ನೂ ತನ್ನ ದೇವರನ್ನೂ ಕೂಡಿಸುತ್ತದೆ. ಅವರ ದೃಷ್ಟಿಯಲ್ಲಿ ಅದು ಕಳವಲ್ಲ; ಹಾಡುತ್ತಿರುವವರು ಯಾರ ಕೃಪೆಯಿಂದ ಹಾಡುತ್ತಿದ್ದೇವೆಂದು ಹೇಳುವುದು ಮರ್ಯಾದೆ.

ಶಿಶುನಾಳ ಶರೀಫರ (1819–1889) ಅಂಕಿತವೂ ಊರು ಮತ್ತು ದೇವರುಗಳಿಂದಲೇ ಆದದ್ದು. ಆದರೂ ಅವರ ಹೆಸರು ಉಳಿಯಿತು. ಗುರು ಗೋವಿಂದಭಟ್ಟರೊಡನೆ ಅವರ ಕತೆ ಹೆಣೆದುಕೊಂಡಿತು, ಶಿಶುನಾಳದಲ್ಲಿ ಗದ್ದುಗೆಯಾಯಿತು, ವರ್ಷವರ್ಷವೂ ಜನ ಅಲ್ಲಿ ಕೂಡಿ ಹೆಸರೆತ್ತಿ ಹಾಡಿದರು. ರಾಯಣ್ಣನ ಹಾಡು ಕಟ್ಟಿದವರಿಗೆ ಗದ್ದುಗೆಯಿಲ್ಲ. ನಂದಗಡದಲ್ಲಿರುವ ಸಮಾಧಿ ರಾಯಣ್ಣನದು. ಜನರು ಅಲ್ಲಿ ನೆನೆಯುವುದೂ ಅವನನ್ನೇ.

ಹಾಡಿನ ಕರ್ತೃವನ್ನು ಹುಡುಕುವವರಿಗೆ ಕಾಲವೂ ಮೋಸ ಮಾಡಬಲ್ಲದು. ಐರ್ಲೆಂಡಿನ ಉದಾಹರಣೆ ಇಲ್ಲಿ ಉಪಯುಕ್ತ, ಏಕೆಂದರೆ ಅಲ್ಲಿಯೂ ಸೋತ ದಂಗೆಗಳ ನೆನಪು ಬಹುಮಟ್ಟಿಗೆ ಹಾಡುಗಳಲ್ಲಿ ಉಳಿದಿದೆ. 1798ರ ವೆಕ್ಸ್‌ಫರ್ಡ್ ದಂಗೆಯನ್ನು ಹೇಳುವ ‘ಬೂಲವೋಗ್’ ಎಂಬ ಹಾಡನ್ನು ಕೇಳಿದವರು ಅದು ಆ ರಣರಂಗದಲ್ಲಿಯೇ ಹುಟ್ಟಿತೆಂದು ನಂಬಿಯಾರು. ಅದನ್ನು ಬರೆದವನು ಪಿ. ಜೆ. ಮೆಕಾಲ್, ದಂಗೆಯ ನೂರನೆಯ ವರ್ಷದ ನೆನಪಿಗೆಂದು, 1898ರಲ್ಲಿ. ಧಾಟಿ ಮಾತ್ರ ಹಳೆಯದು. ‘ಕ್ರಾಪಿ ಬಾಯ್’ ಎಂಬ ಹೆಸರಿನಲ್ಲಿ ಎರಡು ಹಾಡುಗಳಿವೆ. ಒಂದು ಬೀದಿಯಲ್ಲಿ ಬಿಡಿ ಹಾಳೆಗಳಾಗಿ ಮಾರಾಟವಾಗುತ್ತಿದ್ದ ಹಳೆಯ ಹಾಡು. ಇನ್ನೊಂದು 1845ರಲ್ಲಿ ಡಬ್ಲಿನ್ನಿನ ‘ನೇಷನ್’ ಪತ್ರಿಕೆಯಲ್ಲಿ ಕ್ಯಾರಲ್ ಮಲೋನ್ ಎಂಬ ಕಾವ್ಯನಾಮದಿಂದ ಅಚ್ಚಾದದ್ದು. ಬರೆದವನು ವಿಲಿಯಂ ಮೆಕ್‌ಬರ್ನಿ. ವಸ್ತುವಿನ ವಯಸ್ಸನ್ನು ಹಾಡಿನ ವಯಸ್ಸೆಂದು ತಿಳಿಯಬಾರದು ಎಂಬುದು ಇವೆರಡರಿಂದ ಕಲಿಯಬೇಕಾದ ಪಾಠ.

ನಮ್ಮಲ್ಲಿಯೂ ರಾಯಣ್ಣನನ್ನು ಕುರಿತ ಹಾಡುಗಳು ಒಂದೇ ಕಾಲದವಲ್ಲ. ಕುಂಪಣಿ ಸರಕಾರ, ಸಾಹೇಬ, ಕುಲಕರ್ಣಿ, ಶೆಟ್ಟಸನದಿ, ವತನ ಎಂಬ ಪದಗಳಲ್ಲಿಯೇ ಜಗಳವನ್ನು ಹೇಳುವ ಹಾಡು ಒಂದು ಪದರಿನದು. ಭಾರತಮಾತೆ, ಸ್ವಾತಂತ್ರ್ಯ, ದೇಶಭಕ್ತಿ ಎಂಬ ಪದಗಳಲ್ಲಿ ಹೇಳುವ ಹಾಡು ಇಪ್ಪತ್ತನೆಯ ಶತಮಾನದ ಚಳುವಳಿಯ ಗಾಳಿಯನ್ನು ಕುಡಿದದ್ದು. 1880ರ ದಶಕದಲ್ಲಿ ಧಾರವಾಡ ಸೀಮೆಗೆ ರೈಲು ಬಂತು; ರೈಲಿನ ಉಪಮಾನ ಬಂದ ನುಡಿ ಅದಕ್ಕಿಂತ ಹಳೆಯದಾಗಿರಲಾರದು. ಆದರೆ ಒಂದು ನುಡಿ ಹೊಸದಾದ ಮಾತ್ರಕ್ಕೆ ಇಡೀ ಹಾಡು ಹೊಸದೆಂದು ಹೇಳಬರುವುದಿಲ್ಲ. ಲಾವಣಿಯಲ್ಲಿ ಪಲ್ಲ, ನುಡಿ, ಚಾಲು, ಏರು, ಇಳುವು ಎಂಬ ಭಾಗಗಳು ಬೇರೆಬೇರೆಯಾಗಿರುವುದರಿಂದ ಒಂದು ನುಡಿಯನ್ನು ಕಿತ್ತು ಇನ್ನೊಂದನ್ನು ನೆಡುವುದು ಸುಲಭ. ಆದುದರಿಂದ ಕಾಲನಿರ್ಣಯವನ್ನು ಹಾಡಿಗೆ ಒಟ್ಟಾಗಿ ಮಾಡದೆ ನುಡಿನುಡಿಗೂ ಮಾಡಬೇಕು.

ಇಷ್ಟು ಪೀಠಿಕೆಯ ನಂತರ ನನ್ನ ಕೈಗೆ ಬಂದ ಒಂದು ವಹಿಯ ವಿಚಾರಕ್ಕೆ ಬರುತ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ಮುನವಳ್ಳಿ, ರಾಮದುರ್ಗಗಳ ಹೊಳೆದಂಡೆಯ ಮನೆಗಳನ್ನು ಹೊಕ್ಕಿತ್ತು. ನೀರು ಇಳಿದ ಮೇಲೆ ಒಂದು ಮನೆಯವರು ಕಾಳಿನ ಜೊತೆ ಬಿಸಿಲಿಗೆ ಹಾಕಿದ ಸಾಮಾನುಗಳಲ್ಲಿ ಹಾಡಿನ ವಹಿಯೊಂದಿತ್ತು. ಮನೆಯ ಹಿರಿಯರು, ಈಗ ಬದುಕಿಲ್ಲದವರು, ಸುತ್ತಲಿನ ಊರುಗಳಲ್ಲಿ ಹೆಸರಾದ ಲಾವಣಿಕಾರರಾಗಿದ್ದರು. ಅವರ ಹೆಸರನ್ನು ಮನೆಯವರ ಇಚ್ಛೆಯಂತೆ ಇಲ್ಲಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಮೇಲೆ ಊರಿನ ತರುಣರು ಆ ವಹಿಯ ಹಾಡುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಲು ಹೊರಟು, ಮುನ್ನುಡಿ ಬರೆದುಕೊಡಬೇಕೆಂದು ನನ್ನಲ್ಲಿಗೆ ಬಂದರು. ಅವರು ಸಿದ್ಧಪಡಿಸಿದ್ದ ಮುಖಪುಟದ ಮೇಲೆ, ರಾಯಣ್ಣನ ದೊಡ್ಡ ಲಾವಣಿಯ ಹೆಸರಿನ ಕೆಳಗೆ, ‘ರಚನೆ’ ಎಂದು ಬರೆದು ಆ ಹಿರಿಯರ ಹೆಸರನ್ನು ಹಾಕಿತ್ತು.

ವಹಿಯ ಮೊದಲ ಪುಟದಲ್ಲಿ ಇದು ಇಂಥವರ ವಹಿ ಎಂಬ ಒಕ್ಕಣೆ ಚೆನ್ನಾಗಿ ಉಳಿದಿತ್ತು. ಕೊನೆಯ ಏಳೆಂಟು ಹಾಳೆಗಳು ನೀರಿನಲ್ಲಿ ಅಂಟಿಕೊಂಡು ಮುದ್ದೆಯಾಗಿದ್ದವು. ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಈ ಸ್ಥಿತಿ ಹೊಸದಲ್ಲ. ಓಲೆಗರಿಯ ಕಟ್ಟಿನಲ್ಲಿ ಹುಳು ಮೊದಲು ತಿನ್ನುವುದು ಹೊರಗಿನ ಗರಿಗಳನ್ನು. ಪ್ರತಿಕಾರನ ಹೆಸರು, ತಿಥಿ, ಕಾಲ ಇರುವುದೂ ಅಲ್ಲಿಯೇ. ಲಾವಣಿಯ ಅಂಕಿತ ಇರುವುದು ಕೊನೆಯ ನುಡಿಯಲ್ಲಿ. ಹೀಗಾಗಿ ವಹಿಯ ಒಡೆಯನ ಹೆಸರು ಉಳಿಯಿತು, ಹಾಡಿನ ವಿಳಾಸ ಹೋಯಿತು. ತರುಣರು ಉಳಿದ ಹೆಸರನ್ನೇ ಹಾಡಿಗೆ ಹಚ್ಚಿದ್ದರು. ಸಾಹಿತ್ಯ ಚರಿತ್ರೆಯಲ್ಲಿಯೂ ಹೆಸರುಗಳು ಹೀಗೆ ಸ್ಥಾನ ಪಲ್ಲಟವಾದದ್ದುಂಟು. 1898ರಲ್ಲಿ ಕೆ. ಬಿ. ಪಾಠಕರು ಕವಿರಾಜಮಾರ್ಗವನ್ನು ಪ್ರಕಟಿಸಿದಾಗ ಅದು ನೃಪತುಂಗನ ಕೃತಿಯೆಂದೇ ಹೊರಬಂತು. ರಾಜನ ಸಮ್ಮತಿ ಪಡೆದವನು ಬೇರೆ, ರಚಿಸಿದವನು ಶ್ರೀವಿಜಯ ಎಂಬ ಅಭಿಪ್ರಾಯ ಗಟ್ಟಿಯಾಗಲು ದಶಕಗಳ ಚರ್ಚೆ ಬೇಕಾಯಿತು.

ನಾನು ಆ ಹಾಡಿನ ಇನ್ನೆರಡು ಪಾಠಗಳನ್ನು ಎದುರಿಗಿಟ್ಟುಕೊಂಡೆ. ಒಂದು ಬೈಲಹೊಂಗಲದ ಕಡೆಯ ಮೇಳವೊಂದರ ಬಾಯಿಂದ ನಾನೇ ಬರೆದುಕೊಂಡದ್ದು. ಇನ್ನೊಂದು ಕಿತ್ತೂರಿನ ಕಡೆಯ ಹಾಡುಗಾರರ ಹಳೆಯ ಧ್ವನಿಸುರುಳಿಯದು. ಎರಡರಲ್ಲಿಯೂ ಅಂಕಿತದ ದೇವರುಗಳು ಬೇರೆ. ಒಡಲು ಮಾತ್ರ ಮುನವಳ್ಳಿಯ ವಹಿಯೊಡನೆ ಬಹುತೇಕ ಒಂದೇ. ನಿರ್ಣಾಯಕವಾದದ್ದು ಒಂದು ಸಣ್ಣ ಪದ. 1830ರ ಜನವರಿಯಲ್ಲಿ ರಾಯಣ್ಣನ ದಂಡು ಖಾನಾಪುರ ಸೀಮೆಯ ಬೀಡಿ ಎಂಬ ಊರಿನ ಸರಕಾರಿ ಕಚೇರಿಗೆ ಬೆಂಕಿಯಿಟ್ಟಿತು. ಬೇರೆ ಎರಡು ಪಾಠಗಳಲ್ಲಿ ಆ ಸಂದರ್ಭದಲ್ಲಿ ‘ಬೀಡಿ’ ಎಂದೇ ಇದೆ. ವಹಿಯಲ್ಲಿ ‘ಬಿಡಿ’ ಎಂದು ಬರೆದಿದೆ. ಬಿಟ್ಟುಬಿಡಿ ಎಂಬ ಅರ್ಥ ಮೂಡಿ ವಾಕ್ಯವೇ ಕೂಡದೆ ನಿಲ್ಲುತ್ತದೆ. ಮುಂದಿನ ಸಾಲಿನ ಪ್ರಾಸಕ್ಕೂ ದೀರ್ಘವೇ ಬೇಕು. ಹಾಡನ್ನು ಕಟ್ಟಿದವನಿಗೆ ಬೀಡಿ ಒಂದು ಊರೆಂದು ಗೊತ್ತಿತ್ತು. ವಹಿಯಲ್ಲಿ ಬರೆದವರು ಕಿವಿಗೆ ಬಿದ್ದಂತೆ ಬರೆದಿದ್ದರು. ಮಲಪ್ರಭೆಯ ಈ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಮಲೆನಾಡಿನ ಅಂಚಿನ ಆ ಚಿಕ್ಕ ಊರಿನ ಪರಿಚಯ ಇಲ್ಲದಿರುವುದು ಸಹಜವೇ. ಈ ಒಂದು ಹ್ರಸ್ವಸ್ವರದಿಂದ ವಹಿಯ ಒಡೆಯರು ಹಾಡಿನ ಮೂಲಕವಿಯಲ್ಲ, ಅದನ್ನು ಕೇಳಿ ಕಲಿತವರು ಎಂದು ಹೇಳಬಹುದಾಗಿತ್ತು. ಮೂಲಕವಿಯ ಊರನ್ನು ಪಶ್ಚಿಮಕ್ಕೆ, ಕಿತ್ತೂರು ಖಾನಾಪುರಗಳ ಕಡೆಗೆ ಹುಡುಕಬೇಕೆಂಬ ಸೂಚನೆಯೂ ಅದರಲ್ಲಿಯೇ ಇತ್ತು.

ಇಷ್ಟನ್ನು ತರುಣರಿಗೆ ತಿಳಿಸಿದಾಗ ಅವರು ಸಿಟ್ಟಾಗಲಿಲ್ಲ. ಹಾಗಾದರೆ ‘ಜನಪದ’ ಎಂದು ಹಾಕುತ್ತೇವೆ, ಹೆಸರು ತೆಗೆದುಬಿಡುತ್ತೇವೆ ಎಂದರು. ನನಗೆ ಈ ಉತ್ತರ ಮೊದಲಿನದಕ್ಕಿಂತ ಹೆಚ್ಚು ಅಸಮಾಧಾನ ಉಂಟುಮಾಡಿತು. ನಲವತ್ತು ವರ್ಷ ಆ ಹಾಡನ್ನು ಹೊತ್ತು ತಿರುಗಿದ, ಬರೆದಿಟ್ಟ, ನೆರೆಯ ನಂತರವೂ ನಾವು ಓದುವಂತೆ ಮಾಡಿದ ಮನುಷ್ಯನ ಹೆಸರು ನಮಗೆ ಗೊತ್ತಿದೆ. ಗೊತ್ತಿರುವ ಹೆಸರನ್ನು ಅಳಿಸಿ ಅಲ್ಲಿ ‘ಅಜ್ಞಾತ’ ಎಂದು ಬರೆಯುವುದು ಯಾವ ಶಾಸ್ತ್ರಶುದ್ಧಿ?

ಅವರ ಮಗಳು, ಎಂಬತ್ತರ ಹತ್ತಿರದವರು, ತವರೂರಾದ ಅಲ್ಲಿಯೇ ಇದ್ದಾರೆಂದು ತಿಳಿದು ಕಾಣಲು ಹೋದೆ. ವಿಷಯ ಅವರ ಕಿವಿಗೆ ಆಗಲೇ ಮುಟ್ಟಿತ್ತು. “ನಮ್ಮಪ್ಪ ಹಾಡಾಕ ನಿಂತಂದ್ರ ಬೆಳಕ ಹರೀತಿತ್ರಿ ಸರ. ಅವಂದಲ್ಲಂದ್ರ ಈ ಹಾಡು ಮತ್ಯಾರದ್ರಿ?” ಎಂದರು. ಧ್ವನಿಯಲ್ಲಿ ಜಗಳವಿರಲಿಲ್ಲ, ನೋವಿತ್ತು. ನಾನು ಪಾಠಾಂತರಗಳ ಮಾತನ್ನು ಎತ್ತಲಿಲ್ಲ. “ಅವ್ವಾರ, ಇದರಾಗ ಅವರು ಸ್ವಂತ ಕೂಡಿಸಿದ್ದು ಯಾವದು ಅಂತ ನಿಮಗ ನೆನಪೈತೇನ್ರಿ?” ಎಂದು ಕೇಳಿದೆ. ಅವರು ಯೋಚಿಸಲೂ ಇಲ್ಲ. “ತಾಯಿ ಅಳೂದು ಐತೆಲ್ಲರಿ, ಅದು ಅವಂದು. ನಮ್ಮ ಆಯಿ ಸತ್ತ ವರ್ಷ ಕೂಡ್ಸಿದ್ದ. ಅದನ್ನ ಹಾಡೂ ಮುಂದ ದಪ್ಪು ಬಾರಿಸೂದ ಬಿಡತಿದ್ದ.”

ಮನೆಗೆ ಬಂದು ವಹಿಯನ್ನು ತೆರೆದೆ. ರಾಯಣ್ಣ ಸೆರೆಸಿಕ್ಕ ಮೇಲೆ ತಾಯಿ ಕೆಂಚವ್ವ ಗೋಳಾಡುವ ಮೂರು ನುಡಿಗಳು ಅಲ್ಲಿವೆ. ಅವು ಬೈಲಹೊಂಗಲದ ಪಾಠದಲ್ಲಿಲ್ಲ, ಕಿತ್ತೂರಿನ ಪಾಠದಲ್ಲಿಯೂ ಇಲ್ಲ. ವಹಿಯಲ್ಲಿ ಉಳಿದ ಹಾಡು ಕಪ್ಪು ಮಸಿಯಲ್ಲಿದ್ದರೆ ಈ ಮೂರು ನುಡಿಗಳು ನೀಲಿ ಮಸಿಯಲ್ಲಿ, ಆಮೇಲೆ ಹೊಲಿದು ಸೇರಿಸಿದ ಒಂದು ಬಿಡಿ ಹಾಳೆಯ ಮೇಲೆ, ಅದೇ ಕೈಬರಹದಲ್ಲಿವೆ. ಅವುಗಳ ನಡೆಯೂ ಬೇರೆ. ಲಾವಣಿಯ ಬಿರುಸಾದ ಒಳಪ್ರಾಸ ಇಲ್ಲಿ ಸಡಿಲಾಗಿ, ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವ ಧಾಟಿ ಬಂದಿದೆ. ಪಾಠಾಂತರ, ಮಸಿ, ಛಂದಸ್ಸು ಮೂರೂ ಮಗಳ ಮಾತಿಗೆ ಸಾಕ್ಷಿಯಾಗಿ ನಿಂತವು. ಸಾಮಾನ್ಯವಾಗಿ ನಾವು ಮೌಖಿಕ ಹೇಳಿಕೆಯನ್ನು ಅನುಮಾನದಿಂದ ಕಂಡು ಲಿಖಿತ ಪ್ರಮಾಣವನ್ನು ಬೇಡುತ್ತೇವೆ. ಇಲ್ಲಿ ಲಿಖಿತ ಪ್ರಮಾಣವು ಮೊದಲಿನಿಂದ ನನ್ನ ಮೇಜಿನ ಮೇಲೆಯೇ ಇತ್ತು. ಅದು ಏನನ್ನು ಹೇಳುತ್ತಿದೆ ಎಂಬುದು ಮೌಖಿಕ ಹೇಳಿಕೆಯಿಂದ ತಿಳಿಯಿತು.

ಪುಸ್ತಕಕ್ಕೆ ನಾನು ಸೂಚಿಸಿದ ಒಕ್ಕಣೆ ಹೀಗಿತ್ತು: ಹಾಡಿನ ಒಡಲು ಕಿತ್ತೂರು ಖಾನಾಪುರಗಳ ಕಡೆಯ ಹಳೆಯ ಮೇಳವೊಂದರದು, ಮುನವಳ್ಳಿ ಸೀಮೆಯಲ್ಲಿ ಹಾಡಿದವರು ಮತ್ತು ಬರೆದಿಟ್ಟವರು ಇಂಥವರು, ಕೆಂಚವ್ವನ ಗೋಳಿನ ಮೂರು ನುಡಿಗಳನ್ನು ರಚಿಸಿದವರೂ ಅವರೇ. ತರುಣರಲ್ಲೊಬ್ಬನು, ಇಷ್ಟೆಲ್ಲ ಬರೆದರೆ ಮುಖಪುಟ ತುಂಬಿಬಿಡುತ್ತದೆ ಎಂದ. ತುಂಬಲಿ ಎಂದೆ. ಮಗಳಿಗೆ ಓದಿ ಹೇಳಿದಾಗ ಅವರು ಕೊನೆಯ ಮಾತನ್ನು ಇನ್ನೊಮ್ಮೆ ಓದಿಸಿಕೊಂಡರು.

ಇದು ಹೊಸ ಪದ್ಧತಿಯೇನೂ ಅಲ್ಲ. ನಮ್ಮ ಶಾಸನಗಳು ಸಾವಿರ ವರ್ಷಗಳಿಂದ ಪಾಲಿಸಿಕೊಂಡು ಬಂದ ಕ್ರಮವಿದು. ಶಾಸನದ ಕೊನೆಯಲ್ಲಿ ಹೇಳಿದವನು, ಬರೆದವನು, ಕಂಡರಿಸಿದವನು ಎಂದು ಒಬ್ಬೊಬ್ಬರ ಕೆಲಸವನ್ನು ಒಬ್ಬೊಬ್ಬರ ಹೆಸರಿನೆದುರು ನಮೂದಿಸುವ ವಾಡಿಕೆಯಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಮಾಡಿಸಿದ ರಾಣಿ ಲೋಕಮಹಾದೇವಿಯ ಹೆಸರಿನೊಡನೆ, ಕಟ್ಟಿದ ಗುಂಡನೆಂಬ ಸೂತ್ರಧಾರಿಯ ಹೆಸರನ್ನೂ ಉಳಿಸಿಕೊಂಡಿದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸ್ತುತಿಯನ್ನು ರಚಿಸಿದವನು ಬೊಪ್ಪಣ ಪಂಡಿತ. ಅದನ್ನು ಕಲ್ಲಿನಲ್ಲಿ ಬರೆಯಿಸಿದವನ ಹೆಸರು ಬೇರೆಯಾಗಿಯೇ ಅಲ್ಲಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಯಾರೂ ಅದರ ಕವಿಯೆನ್ನುವುದಿಲ್ಲ. ಆಕೆಯನ್ನು ನೆನೆಯದೆ ಆ ಕೃತಿಯ ಚರಿತ್ರೆಯನ್ನು ಯಾರೂ ಬರೆಯುವುದೂ ಇಲ್ಲ. ಕರ್ತೃತ್ವವೆಂಬುದು ಒಂದೇ ಗದ್ದುಗೆ, ಅದರ ಮೇಲೆ ಒಬ್ಬನೇ ಕೂಡಬೇಕು ಎಂಬ ಭಾವನೆ ಅಚ್ಚಿನ ಪುಸ್ತಕದ ಮುಖಪುಟದಿಂದ ಬಂದದ್ದು. ಲಾವಣಿಗೆ ಅದನ್ನು ಹೊಂದಿಸಹೋದರೆ ಎರಡು ಅನ್ಯಾಯಗಳಲ್ಲಿ ಒಂದು ತಪ್ಪದು: ಹಾಡಿದವನಿಗೆ ಕಟ್ಟಿದವನ ಪಾಲನ್ನೂ ಕೊಡುತ್ತೇವೆ, ಇಲ್ಲವೇ ಎಲ್ಲರ ಪಾಲನ್ನೂ ‘ಜನಪದ’ ಎಂಬ ಖಾತೆಗೆ ಜಮಾ ಮಾಡುತ್ತೇವೆ.

ಹಲಸಂಗಿಯ ಗೆಳೆಯರು, ಬಿ. ಎಸ್. ಗದ್ದಗಿಮಠರು ಮತ್ತು ಅವರ ನಂತರದವರು ಹಾಡುಗಳ ಪಾಠಗಳನ್ನು ಕಾಪಾಡಿಕೊಟ್ಟಿದ್ದಾರೆ. ಅವರು ಅಂದು ಸಂಗ್ರಹಿಸದಿದ್ದರೆ ನಾವು ಇಂದು ಹೋಲಿಸಿ ನೋಡಲು ಏನೂ ಉಳಿಯುತ್ತಿರಲಿಲ್ಲ. ಈಗ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಆ ಪಾಠಗಳನ್ನು ಕೈಯಲ್ಲಿ ಹಿಡಿದು ಹೋಗಬೇಕು. ಹಾಡುಗಾರರನ್ನು ‘ಈ ಹಾಡು ಯಾರದು’ ಎಂದು ಕೇಳಿದರೆ ‘ನಮ್ಮದು’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. ಯಾರಿಂದ ಕಲಿತಿರಿ, ನೀವು ಏನನ್ನು ಕೂಡಿಸಿದಿರಿ, ಯಾವ ನುಡಿಯನ್ನು ಬಿಟ್ಟಿರಿ, ಅಂಕಿತದಲ್ಲಿ ಮೊದಲು ಯಾವ ದೇವರಿದ್ದ ಎಂದು ಬಿಡಿಬಿಡಿಯಾಗಿ ಕೇಳಬೇಕು. ಮನೆಯ ಹೆಣ್ಣುಮಕ್ಕಳನ್ನೂ ಕೇಳಬೇಕು. ಮೇಳದಲ್ಲಿ ನಿಂತು ಹಾಡದ ಅವರು ರಾತ್ರಿಗಟ್ಟಲೆ ಕೇಳಿದವರು, ಯಾವ ವರ್ಷ ಹಾಡಿನಲ್ಲಿ ಏನು ಬದಲಾಯಿತೆಂದು ಬಲ್ಲವರು. ವಹಿ ಸಿಕ್ಕರೆ ಮೊದಲು ಕೊನೆಯ ಹಾಳೆಗಳ ಚಿತ್ರ ತೆಗೆದುಕೊಳ್ಳಬೇಕು. ಆ ಮಗಳಿಗೆ ಈಗ ವಯಸ್ಸು ಇನ್ನೂ ಏರಿದೆ, ಮಾತು ಕಡಿಮೆಯಾಗಿದೆ. ವಹಿಯಲ್ಲಿ ಇನ್ನೂ ಹನ್ನೊಂದು ಹಾಡುಗಳಿವೆ. ಅವುಗಳಲ್ಲಿ ನಾಲ್ಕನ್ನು ಕುರಿತು ಮಾತ್ರ ಅವರಲ್ಲಿ ಕೇಳುವುದಾಗಿದೆ.